ಎಂಟುನೂರು ನುಡಿಗಳ ನಾಡು

ಭೂಮಂಡಲದಲ್ಲಿ ಇಂದು ಮನುಷ್ಯರು ಆಡುವ ಭಾಷೆಗಳು ಸುಮಾರು ಏಳು ಸಾವಿರವೆಂದು ಭಾಷಾವಿಜ್ಞಾನಿಗಳು ಗಣಿಸಿರುವರು. ಅವುಗಳಲ್ಲಿ ಎಂಟುನೂರಕ್ಕೂ ಮಿಕ್ಕವು, ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಎರಡೂವರೆಯಷ್ಟಿದ್ದೂ ಜನಸಂಖ್ಯೆಯಲ್ಲಿ ಅದಕ್ಕಿಂತ ಬಹಳ ಕಡಮೆಯಾದ ಪಾಪುವಾ ನ್ಯೂಗಿನಿಯೆಂಬ ಒಂದೇ ದೇಶದಲ್ಲಿ ನೆಲೆಗೊಂಡಿವೆ.

ಕಾರಣವನ್ನು ಕೇಳಿದೊಡನೆ ಬೆಟ್ಟಗಳತ್ತ ಕೈ ತೋರಿಸುವುದು ವಾಡಿಕೆ. ಒಳನಾಡಿನ ಪರ್ವತಶ್ರೇಣಿಗಳು ದುರ್ಗಮವಾದುವು, ಅವುಗಳ ನಡುವಣ ಜನನಿಬಿಡ ಕಣಿವೆಗಳು ಹೊರಗಿನವರ ಕಣ್ಣಿಗೆ ಬಿದ್ದುದೇ 1930ರ ದಶಕದಲ್ಲಿ, ಹೀಗಿರಲು ಒಂದೊಂದು ಕಣಿವೆಯಲ್ಲಿ ಒಂದೊಂದು ನುಡಿ ಬೆಳೆದುದರಲ್ಲಿ ಆಶ್ಚರ್ಯವೇನು ಎಂಬುದು ಆ ವಾದದ ತಿರುಳು. ಕೇಳುವುದಕ್ಕೆ ಸಮಂಜಸವಾಗಿಯೇ ಇದೆ. ಆದರೆ ಲಕ್ಷಗಟ್ಟಲೆ ಜನರು ಆಡುವ ಎಂಗಾದಂತಹ ದೊಡ್ಡ ಭಾಷೆಗಳು ಇರುವುದು ಆ ಎತ್ತರದ ಕಣಿವೆಗಳಲ್ಲಿ, ದೋಣಿಯಲ್ಲಿ ಸರಾಗವಾಗಿ ಸಂಚರಿಸಬಹುದಾದ ಸೆಪಿಕ್ ನದಿಯ ತಗ್ಗುಪ್ರದೇಶದಲ್ಲಾದರೋ ಕೆಲವೇ ಹಳ್ಳಿಗಳ ಪುಟ್ಟ ನುಡಿಗಳು ಕಿಕ್ಕಿರಿದಿವೆ.

ಈ ವಿಪರ್ಯಾಸವನ್ನು ಗಮನಿಸಿದ ಆಸ್ಟ್ರೇಲಿಯದ ಭಾಷಾವಿಜ್ಞಾನಿ ಡಾನ್ ಲೇಕಾಕ್, ನೆರೆಯವರಿಂದ ಬೇರೆಯಾಗಿ ತೋರಬೇಕೆಂಬ ಅಪೇಕ್ಷೆಯೇ ಇಲ್ಲಿ ಬಲವಾದ ಕಾರಣವೆಂದು ಊಹಿಸಿದನು. ಬೂಗನ್‌ವಿಲ್ ದ್ವೀಪದ ಬುಯಿನ್ ಭಾಷೆಯಲ್ಲಿ ಉಯಿಸಾಯ್ ಎಂಬುದೊಂದು ಉಪಭಾಷೆ. ಮಿಕ್ಕ ಬುಯಿನ್ ಜನರು ಪುಲ್ಲಿಂಗವಾಗಿ ಬಳಸುವ ಶಬ್ದಗಳೆಲ್ಲ ಇವರಿಗೆ ಸ್ತ್ರೀಲಿಂಗ, ಅಲ್ಲಿಯ ಸ್ತ್ರೀಲಿಂಗವೆಲ್ಲ ಇಲ್ಲಿ ಪುಲ್ಲಿಂಗ. ಸಹಜವಾದ ಯಾವ ಧ್ವನಿಪರಿವರ್ತನೆಯಿಂದಲೂ ಇಂತಹ ಅದಲುಬದಲು ಘಟಿಸದು. ಯಾರೋ ಬೇಕೆಂದೇ ಮಾಡಿದುದಾಗಿರಬೇಕು. ಇಷ್ಟಾದರೂ ಈ ದೇಶದ ಜನರು ಪರಸ್ಪರ ಮೂಕರಾಗಿ ಉಳಿಯಲಿಲ್ಲ. ವಿವಾಹಸಂಬಂಧದಿಂದಲೂ ವಿನಿಮಯ ವ್ಯಾಪಾರದಿಂದಲೂ ಅಕ್ಕಪಕ್ಕದ ಎರಡು ಮೂರು ನುಡಿಗಳನ್ನು ಕಲಿತಿರುವುದು ಅಲ್ಲಿ ಅತಿ ಸಾಮಾನ್ಯವಾಗಿತ್ತು. ಬಹುಭಾಷಾಜ್ಞಾನವಿದ್ದುದರಿಂದಲೇ ಸಣ್ಣ ಭಾಷೆಗಳು ಸಣ್ಣವಾಗಿಯೇ ಬಾಳಲು ಸಾಧ್ಯವಾಯಿತೆಂದು ನನಗೆ ತೋರುತ್ತದೆ.

ಆ ಸಮತೋಲವನ್ನು ಕದಲಿಸಿದುದು ಟೋಕ್ ಪಿಸಿನ್. ಹತ್ತೊಂಬತ್ತನೆಯ ಶತಮಾನದಲ್ಲಿ ಪೆಸಿಫಿಕ್ ಸಾಗರದ ತೋಟಗಳಿಗೆ ಕೂಲಿಗೆಂದು ಹೋದ ನಾನಾ ಭಾಷೆಯವರ ನಡುವೆ, ಇಂಗ್ಲಿಷಿನ ಶಬ್ದಗಳನ್ನು ಮುಖ್ಯವಾಗಿ ಆಶ್ರಯಿಸಿ ಹುಟ್ಟಿದ ಈ ಮಿಶ್ರಭಾಷೆ ಈಗ ದೇಶದ ಅಧಿಕೃತ ಭಾಷೆಗಳಲ್ಲೊಂದು. ಸೆಪಿಕ್ ಪ್ರಾಂತದ ಗಪುನ್ ಎಂಬ ಹಳ್ಳಿಯಲ್ಲಿ 1980ರ ದಶಕದಿಂದ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಡಾನ್ ಕುಲಿಕ್, ಬೇರಾವ ಭಾಷೆಗೂ ನಂಟಿಲ್ಲದ ತಾಯಪ್ ಎಂಬ ಅಲ್ಲಿಯ ನುಡಿಯನ್ನು ಮಕ್ಕಳು ಆಡದೆ ಟೋಕ್ ಪಿಸಿನ್ನಿಗೆ ಒಲಿದುದನ್ನು ಕಂಡನು. ಯಾರೂ ನಿಷೇಧಿಸಿರಲಿಲ್ಲ, ತಾವು ಮಕ್ಕಳೊಡನೆ ಆಡುತ್ತಿದ್ದುದು ಬಹುಮಟ್ಟಿಗೆ ಟೋಕ್ ಪಿಸಿನ್ ಎಂಬುದನ್ನು ಮರೆತ ಹಿರಿಯರು, ಮಕ್ಕಳೇ ಹಟಮಾರಿಗಳೆಂದು ದೂರಿದರು.

1990ರ ದಶಕದಲ್ಲಿ ಆ ದೇಶದ ಸರ್ಕಾರವು ನಾನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಪ್ರಾರಂಭಿಕ ಶಿಕ್ಷಣವನ್ನು ನೀಡಲು ತೊಡಗಿತು. ಲೋಕದ ಬೇರಾವ ರಾಷ್ಟ್ರವೂ ಕೈಹಾಕದಷ್ಟು ದೊಡ್ಡ ಸಾಹಸವದು. ಪುಸ್ತಕಗಳೂ ತರಬೇತಾದ ಅಧ್ಯಾಪಕರೂ ಸಾಕಷ್ಟಿರಲಿಲ್ಲ. ಇಂಗ್ಲಿಷ್ ಕುಂದುತ್ತಿದೆಯೆಂಬ ದೂರು ಬೆಳೆಯಿತು. 2013ರಲ್ಲಿ ಸರ್ಕಾರ ಆ ನೀತಿಯನ್ನು ಕೈಬಿಟ್ಟು, ಮೊದಲ ತರಗತಿಯಿಂದಲೇ ಇಂಗ್ಲಿಷನ್ನು ಬೋಧನಾಭಾಷೆಯನ್ನಾಗಿ ಮಾಡಿತು.