ಶರದೃತುವಿನಲ್ಲಿ ಗೋದಾವರಿಯ ಕಡೆಗೆ

ಪರದೇಶಗಳಲ್ಲಿ ನೆಲೆಸಿರುವ ನಮ್ಮ ಬಂಧುಬಾಂಧವರು ಅಕ್ಟೋಬರ್ ತಿಂಗಳು ಬಂತೆಂದರೆ ಕೆಂಪು, ಹಳದಿ ಎಲೆಗಳಿಂದ ತುಂಬಿದ ಬೆಟ್ಟಗಳ ಚಿತ್ರಗಳನ್ನು ಕಳುಹಿಸುವುದುಂಟು. ಅವುಗಳನ್ನು ನೋಡಿ, ಮುಂಬಯಿಯ ಬಹುಮಹಡಿ ಕಟ್ಟಡಗಳ ನಡುವೆ ಬಾಳುವ ನಮಗೆ ಇಂತಹ ಭಾಗ್ಯವೆಲ್ಲಿಯದು ಎಂದು ನಿಟ್ಟುಸಿರಿಡುವವರೂ ಉಂಟು. ಆದರೆ ನಾಲ್ಕು ಗಂಟೆಗಳ ಹಾದಿಯಾಚೆ, ಸಹ್ಯಾದ್ರಿಯ ನೆತ್ತಿಯ ಮೇಲೆ, ನಮ್ಮದೇ ಆದ ಶರತ್ಕಾಲವೊಂದು ಪ್ರತಿವರ್ಷವೂ ಬಂದು ಹೋಗುತ್ತಿದೆ. ಅವಸರವಿಲ್ಲದೆ ಹೋಗುವವರ ಕಣ್ಣಿಗೆ ಮಾತ್ರ ಅದು ಬೀಳುತ್ತದೆ.

ಬಣ್ಣ ಎಲ್ಲಿಂದ ಬಂತು?

ಶೀತದೇಶಗಳಲ್ಲಿ ಹಗಲು ಕಿರಿದಾಗಿ ಚಳಿ ಹೆಚ್ಚಿದಂತೆ ಎಲೆಗಳ ಹಸುರು ದ್ರವ್ಯವಾದ ಪತ್ರಹರಿತ್ತು ಕ್ಷಯಿಸಿ, ಅದರ ಮರೆಯಲ್ಲಿದ್ದ ಹಳದಿ ವರ್ಣವು ಗೋಚರವಾಗುತ್ತದೆ. ಕೆಲವು ಮರಗಳಲ್ಲಿ ಕೆಂಪು ವರ್ಣವು ಹೊಸದಾಗಿ ಉತ್ಪತ್ತಿಯಾಗುತ್ತದೆ. ನಮ್ಮಲ್ಲಿ ಮರಗಳು ಎಲೆಯುದುರಿಸುವುದು ಮುಖ್ಯವಾಗಿ ಚಳಿಗೆ ಹೆದರಿ ಅಲ್ಲ, ನೀರಿನ ಅಭಾವದಿಂದ. ಆದಕಾರಣ ಸಾಗುವಾನಿ, ಮುತ್ತುಗ ಮೊದಲಾದ ವೃಕ್ಷಗಳು ಬೇಸಗೆ ಸಮೀಪಿಸಿದಾಗ ಬರಿದಾಗುತ್ತವೆಯೇ ಹೊರತು ಆಶ್ವಯುಜದಲ್ಲಲ್ಲ.

ಇಲ್ಲಿಯ ಶರತ್ಕಾಲದ ಶೋಭೆ ಹುಲ್ಲು ಮತ್ತು ಹೂವುಗಳದು. ಮಳೆ ಹಿಂದೆಗೆಯುವ ಹೊತ್ತಿಗೆ ಮರಾಠಿಯಲ್ಲಿ 'ಸೋನಕಿ' ಎಂದು ಕರೆಯುವ ಪುಟ್ಟ ಹಳದಿ ಹೂಗಳು ಬೆಟ್ಟದ ನೆತ್ತಿಯನ್ನೆಲ್ಲ ಆವರಿಸುತ್ತವೆ. ನಮ್ಮ ನೀಲಕುರುಂಜಿಯ ಬಳಗಕ್ಕೆ ಸೇರಿದ 'ಕಾರ್ವಿ' ಏಳೆಂಟು ವರ್ಷಗಳಿಗೊಮ್ಮೆ ಇಳಿಜಾರುಗಳಲ್ಲಿ ನೇರಿಳೆಯ ರಾಶಿಯನ್ನೇ ಚೆಲ್ಲುತ್ತದೆ. ಅದರ ಕಡ್ಡಿಗಳಿಂದ ಹಳ್ಳಿಗರು ಗುಡಿಸಲಿನ ಗೋಡೆಗಳನ್ನು ಹೆಣೆಯುತ್ತಾರೆ. ಕಾರ್ತಿಕದ ವೇಳೆಗೆ ಹೂಗಳು ಮರೆಯಾಗಿ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ.

ಎರಡು ಬ್ರಹ್ಮಗಿರಿಗಳು

ಮುಂಬಯಿಯಿಂದ ನಾಸಿಕಕ್ಕೆ ಸುಮಾರು 165 ಕಿಲೋಮೀಟರ್. ಕಸಾರಾ ಘಾಟಿಯನ್ನು ಏರಿ ಇಗತ್‌ಪುರಿ ತಲುಪುತ್ತಲೇ ಗಾಳಿ ಬದಲಾದುದು ಅನುಭವಕ್ಕೆ ಬರುತ್ತದೆ. ನಾಸಿಕದಿಂದ ಸುಮಾರು 30 ಕಿಲೋಮೀಟರ್ ದೂರದ ತ್ರ್ಯಂಬಕೇಶ್ವರಕ್ಕೆ ಹೋಗುವ ರಸ್ತೆಯೇ ಈ ಪ್ರದೇಶದ ಅತ್ಯಂತ ರಮಣೀಯವಾದ ಹಾದಿಗಳಲ್ಲೊಂದು. ಮುಂದೆ ನಿಂತಿರುವ ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿಯು 1,465 ಕಿಲೋಮೀಟರ್ ಹರಿದು ಪೂರ್ವ ಸಮುದ್ರವನ್ನು ಸೇರುತ್ತದೆ.

ಕನ್ನಡಿಗರಾದ ನಮಗೆ ಇಲ್ಲಿ ಸ್ಮರಿಸಬೇಕಾದ ವಿಶೇಷವೊಂದುಂಟು. ಕೊಡಗಿನಲ್ಲಿ ಕಾವೇರಿ ಹುಟ್ಟುವ ಬೆಟ್ಟದ ಹೆಸರೂ ಬ್ರಹ್ಮಗಿರಿಯೇ. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವುದೂ ಇದೇ ಶರದೃತುವಿನಲ್ಲಿ. ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಎಲ್ಲೆಗಳನ್ನು ಹೇಳುವಾಗ ಹೆಸರಿಸುವುದು ಈ ಎರಡು ನದಿಗಳನ್ನೇ. ಹೀಗೆ ಒಂದು ಬ್ರಹ್ಮಗಿರಿಯ ಹೊಳೆಯಿಂದ ಇನ್ನೊಂದು ಬ್ರಹ್ಮಗಿರಿಯ ಹೊಳೆಯವರೆಗೆ ಹಬ್ಬಿದ್ದ ನಾಡಿನವರು ನಾವು ಎಂಬ ಅರಿವಿನಿಂದ ಗೋದಾವರಿಯ ತಟದಲ್ಲಿ ನಿಂತಾಗ, ಪರಸ್ಥಳದಲ್ಲಿದ್ದೇವೆಂಬ ಭಾವನೆ ತಾನಾಗಿಯೇ ಕರಗುತ್ತದೆ.

ತ್ರ್ಯಂಬಕದ ಹಾದಿಯಲ್ಲಿಯೇ ಅಂಜನೇರಿ ಬೆಟ್ಟವಿದೆ. ಆನೆಗೊಂದಿಯ ಅಂಜನಾದ್ರಿಯನ್ನು ನಾವು ಹೇಗೆ ಆಂಜನೇಯನ ಜನ್ಮಸ್ಥಳವೆಂದು ಪೂಜಿಸುವೆವೋ ಹಾಗೆಯೇ ಇಲ್ಲಿಯ ಜನರು ಅಂಜನೇರಿಯನ್ನು ಪೂಜಿಸುತ್ತಾರೆ. ಈ ಬೆಟ್ಟದ ಹೆಸರನ್ನೇ ಹೊತ್ತ 'ಸಿರೋಪೀಜಿಯಾ ಅಂಜನೇರಿಕಾ' ಎಂಬ ಗಿಡವನ್ನು ಸಸ್ಯವಿಜ್ಞಾನಿಗಳು ಲೋಕಕ್ಕೆ ಪರಿಚಯಿಸಿದ್ದು 2006ರಲ್ಲಿ. ಮಳೆಗಾಲದಲ್ಲಿ ಹುಲ್ಲಿನ ನಡುವೆ ತಲೆಯೆತ್ತುವ ಈ ಪುಟ್ಟ ಗಿಡವು ಅಳಿವಿನ ಅಂಚಿನಲ್ಲಿದೆ. ರಣಹದ್ದುಗಳೂ ಇಲ್ಲಿಯ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುತ್ತವೆ. 2017ರಲ್ಲಿ ಸರ್ಕಾರವು ಅಂಜನೇರಿಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಬೆಟ್ಟದ ಮೇಲಕ್ಕೆ ವಾಹನಗಳ ರಸ್ತೆ ಮಾಡಬೇಕೆಂಬ ಯೋಜನೆ ಬಂದಾಗ ನಿಸರ್ಗಪ್ರಿಯರು ಪ್ರತಿಭಟಿಸಿದ್ದೂ ಈ ಕಾರಣದಿಂದಲೇ. ಭಾವಚಿತ್ರಕ್ಕಾಗಿ ಹೂವಿನ ಮಧ್ಯೆ ಕುಳಿತೇಳುವ ಪ್ರವಾಸಿಗರ ಪಾದದಡಿಯಲ್ಲಿ ಏನು ನಾಶವಾಗುತ್ತಿದೆಯೆಂಬುದನ್ನು ಅವರೇ ಅರಿಯರು. ಕಾಲುದಾರಿ ಬಿಟ್ಟು ಇಳಿಯದಿರುವುದು, ಹೂ ಕೀಳದಿರುವುದು, ಪ್ಲಾಸ್ಟಿಕ್ ಎಸೆಯದಿರುವುದು, ಇವಿಷ್ಟನ್ನು ಮಕ್ಕಳಿಗೆ ಕಲಿಸಿದರೂ ಪ್ರವಾಸ ಸಾರ್ಥಕ.

ಎಲ್ಲೋರದ ಹಾದಿ

ನಾಸಿಕದಿಂದ ಪೂರ್ವಕ್ಕೆ ಹೊರಟರೆ ನಿಫಾಡದ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಸವರುವ ಕೆಲಸ ನಡೆದಿರುತ್ತದೆ. ಪೈಠಣಿ ಸೀರೆಗೆ ಹೆಸರಾದ ಯೇವಲಾ ದಾಟಿ, ವೈಜಾಪುರದ ಮೂಲಕ ಸುಮಾರು 190 ಕಿಲೋಮೀಟರ್ ಕ್ರಮಿಸಿದರೆ 2023ರವರೆಗೆ ಔರಂಗಾಬಾದ್ ಎಂದಿದ್ದ ಛತ್ರಪತಿ ಸಂಭಾಜಿನಗರ ಬರುತ್ತದೆ. ಇಲ್ಲಿ ಮಳೆ ಕಡಿಮೆ. ಆದುದರಿಂದ ಹುಲ್ಲು ಬೇಗ ಹೊನ್ನಾಗುತ್ತದೆ. ದೌಲತಾಬಾದ್ ಕೋಟೆ, ಖುಲ್ದಾಬಾದ್, ಎಲ್ಲೋರ, ಅದರಾಚೆ ಮ್ಹೈಸಮಾಳ ಗಿರಿಧಾಮ, ಇವೆಲ್ಲವನ್ನೂ ಒಂದೇ ಹಾದಿಯಲ್ಲಿ ನೋಡಬಹುದು. ಜಿಲ್ಲೆಯ ಒಂದು ತಾಲ್ಲೂಕಿನ ಹೆಸರು 'ಕನ್ನಡ್' ಎಂದು ಕೇಳಿ ನಮ್ಮವರು ಪುಳಕಿತರಾಗದಿರುವುದಿಲ್ಲ. 1986ರಲ್ಲಿ ಘೋಷಿತವಾದ ಗೌತಾಳಾ ಅಭಯಾರಣ್ಯವು ಅದರ ಸಮೀಪದಲ್ಲಿಯೇ ಇದೆ.

ಎಲ್ಲೋರದ 34 ಗುಹೆಗಳಲ್ಲಿ 16ನೆಯದಾದ ಕೈಲಾಸ ದೇವಾಲಯವು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ ಕೀರ್ತಿ. ಮುಂದೆ ಅವನ ವಂಶದ ರಾಜಧಾನಿಯಾದ ಮಾನ್ಯಖೇಟವೇ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಸುಮಾರು 30 ಮೀಟರ್ ಎತ್ತರದ ಆ ದೇವಾಲಯವನ್ನು ಬಂಡೆಯ ನೆತ್ತಿಯಿಂದ ಕೆಳಕೆಳಗೆ ಕೊರೆಯಲಾಗಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸದಿಂದಾದ ಆ ಕಪ್ಪು ಶಿಲೆಯೂ ಬ್ರಹ್ಮಗಿರಿಯ ಶಿಲೆಯೂ ಒಂದೇ ಜಾತಿಯವು. ಮಳೆ ನಿಂತ ಹೊಸತರಲ್ಲಿ 29ನೆಯ ಗುಹೆಯ ಬಳಿ ಜಲಪಾತವಿನ್ನೂ ಧುಮ್ಮಿಕ್ಕುತ್ತಿರುತ್ತದೆ. ಮಂಗಳವಾರ ಗುಹೆಗಳಿಗೆ ರಜೆಯೆಂಬುದನ್ನು ಮರೆಯಬಾರದು.

ಪ್ರಯಾಣ ಮತ್ತು ಆರೋಗ್ಯ

ಮುಂಬಯಿ–ನಾಗಪುರ ನಡುವಿನ 701 ಕಿಲೋಮೀಟರ್ ಉದ್ದದ ಸಮೃದ್ಧಿ ಮಹಾಮಾರ್ಗವು 2025ರ ಜೂನ್‌ನಲ್ಲಿ ಪೂರ್ಣವಾಗಿ ತೆರೆಯಿತು. ಇಗತ್‌ಪುರಿಯ ಬಳಿ ಅದು ಸುಮಾರು 8 ಕಿಲೋಮೀಟರ್ ಸುರಂಗದೊಳಗೆ ಸಾಗುವುದರಿಂದ ಕಾಲ ಉಳಿಯುತ್ತದೆ, ಆದರೆ ಬೆಟ್ಟ ಕಾಣುವುದಿಲ್ಲ. ಇದೇ ಮಾರ್ಗದಲ್ಲಿ 2023ರ ಜುಲೈ 1ರಂದು ಬುಲ್ಢಾಣಾ ಜಿಲ್ಲೆಯಲ್ಲಿ ಬಸ್ಸಿಗೆ ಬೆಂಕಿ ಹತ್ತಿ 25 ಮಂದಿ ಮಡಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವೈಜಾಪುರದ ಬಳಿ 12 ಮಂದಿ ಯಾತ್ರಿಕರು ಅಸುನೀಗಿದರು. ಕಾರಣಗಳೇನೇ ಇರಲಿ, ಎರಡೂ ದುರಂತಗಳು ಸಂಭವಿಸಿದ್ದು ನಡುರಾತ್ರಿ ಕಳೆದ ಮೇಲೆ.

ಆ ಹೊತ್ತಿನಿಂದ ಬೆಳಗಿನ ಜಾವದವರೆಗೂ, ಹಾಗೆಯೇ ಭೂರಿ ಭೋಜನದ ನಂತರದ ಅಪರಾಹ್ನದಲ್ಲಿಯೂ, ನಿದ್ರೆಯು ದೇಹವನ್ನು ಸಹಜವಾಗಿಯೇ ಎಳೆಯುತ್ತದೆ. ತಿರುವುಗಳಿಲ್ಲದ ರಸ್ತೆಯಲ್ಲಿ ಮನಸ್ಸು ಇನ್ನಷ್ಟು ಮಂಕಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವಾಗ ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ ವಾಹನವು 80 ಮೀಟರಿಗೂ ಹೆಚ್ಚು ದೂರ ಕುರುಡಾಗಿ ಓಡಿರುತ್ತದೆ. ಕಚೇರಿಯ ಕೆಲಸ ಮುಗಿಸಿ ಶುಕ್ರವಾರ ರಾತ್ರಿಯೇ ಹೊರಡುವ ಅಭ್ಯಾಸವನ್ನು ನಮ್ಮ ತರುಣರು ಬಿಡಬೇಕು. ರಾತ್ರಿ ಏಳು ಗಂಟೆಗಳ ನಿದ್ರೆ ಮಾಡಿ ಬೆಳಗ್ಗೆ ಹೊರಟು, ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ಇಳಿದು ಅಡ್ಡಾಡುವುದು ಕ್ಷೇಮ. ಚಹಾ ನಿದ್ರೆಗೆ ಪರ್ಯಾಯವಲ್ಲ.

ಘಾಟಿಯಲ್ಲಿ ವಾಂತಿಯಾಗುವವರು ಲಘು ಆಹಾರ ಸೇವಿಸಿ, ಮುಂದಿನ ಆಸನದಲ್ಲಿ ಕುಳಿತು, ದೂರದ ದಿಗಂತವನ್ನು ನೋಡುತ್ತಿರಬೇಕು. ಶರದೃತುವಿನಲ್ಲಿ ಪಿತ್ತ ಕೆರಳುವುದೆಂದು ಆಯುರ್ವೇದ ಹೇಳುತ್ತದೆ. ಹಗಲಿನ ಬಿಸಿಲು ನಿಜಕ್ಕೂ ಪ್ರಖರ. ಟೋಪಿ, ಸಾಕಷ್ಟು ನೀರು, ಸಂಜೆಯ ಸೊಳ್ಳೆಗಳಿಗೆ ತುಂಬುತೋಳಿನ ಉಡುಪು ಅಗತ್ಯ. ಹೃದ್ರೋಗವುಳ್ಳ ಹಿರಿಯರು ವೈದ್ಯರನ್ನು ಕೇಳದೆ ಬೆಟ್ಟದ ಮೆಟ್ಟಿಲುಗಳನ್ನು ಏರಬಾರದು. ತಪ್ಪಲಿನಲ್ಲಿ ಕುಳಿತರೂ ಹೊಂಬಣ್ಣದ ಬೆಟ್ಟ ಕಣ್ತುಂಬ ಕಾಣುತ್ತದೆ.

ವಿಜಯದಶಮಿಯಂದು ನಮ್ಮ ಉತ್ತರ ಕರ್ನಾಟಕದಲ್ಲಿ ಬನ್ನಿಯ ಎಲೆಯನ್ನೂ ಮಹಾರಾಷ್ಟ್ರದಲ್ಲಿ ಆಪ್ಟಾದ ಎಲೆಯನ್ನೂ ಬಂಗಾರವೆಂದು ಕೊಟ್ಟು ಹಿರಿಯರಿಗೆ ನಮಸ್ಕರಿಸುತ್ತಾರೆ. ಎಲೆಯನ್ನೇ ಬಂಗಾರವೆಂದರಿತ ಈ ಎರಡು ನಾಡುಗಳ ನಡುವೆ ನಮ್ಮ ಬದುಕು ಸಾಗಿದೆ. ಈ ವರ್ಷದ ರಜೆಯಲ್ಲಿ ಒಂದು ದಿನವನ್ನು ಹೆಚ್ಚಾಗಿ ತೆಗೆದಿರಿಸಿ, ಹಗಲು ಹೊತ್ತಿನಲ್ಲಿ, ಹಳೆಯ ಘಾಟಿಯ ರಸ್ತೆಯಲ್ಲಿ ನಿಧಾನವಾಗಿ ಹೊರಡಿರಿ. ಬೆಟ್ಟದ ಬಂಗಾರವನ್ನು ಬೆಟ್ಟದಲ್ಲಿಯೇ ಬಿಟ್ಟು, ಎಲ್ಲರೂ ಸುಖವಾಗಿ ಮನೆಗೆ ಮರಳುವಂತಾಗಲಿ.