ಜಾಲದಲ್ಲಿ ನೂಕುನುಗ್ಗಲು

ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನ ನಡೆಯುವ ಸಂಗತಿ ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ತಿಳಿದದ್ದೇ. ಗೊತ್ತಾದ ಗಳಿಗೆಗೆ ಸಾವಿರಾರು ಮಂದಿ ಒಮ್ಮೆಗೇ ತಮ್ಮ ನೋಂದಣಿ ಸಂಖ್ಯೆಯನ್ನು ಒತ್ತುತ್ತಾರೆ. ಪುಟ ತೆರೆಯುವುದಿಲ್ಲ. ಮತ್ತೆ ಒತ್ತುತ್ತಾರೆ, ಆಗಲೂ ಇಲ್ಲ. ಒತ್ತಿದಷ್ಟೂ ಜಾಲ ಮೊಂಡು ಹಿಡಿದಂತೆ ತೋರುತ್ತದೆ. ಇದಕ್ಕೆ ಯಂತ್ರದ ಅಶಕ್ತಿಯೊಂದೇ ಕಾರಣವೆಂದು ಅನೇಕರು ಭಾವಿಸುವುದುಂಟು. ಆದರೆ ಒತ್ತುವ ಬೆರಳಿಗೂ ಇದರಲ್ಲಿ ಪಾಲಿದೆ. ಅದು ಹೇಗೆಂಬುದನ್ನು ಅರಿಯಬೇಕಾದರೆ ಜಾಲದಲ್ಲಿ ಮಾಹಿತಿ ಸಾಗುವ ಬಗೆಯನ್ನು ಮೊದಲು ತಿಳಿಯಬೇಕು.

ಪೊಟ್ಟಣಗಳ ಪಯಣ

ಚಿತ್ರವಾಗಲಿ ಪತ್ರವಾಗಲಿ ಸರ್ವರಿನಿಂದ ಇಡಿಯಾಗಿ ಹೊರಡುವುದಿಲ್ಲ. ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಒಂದೊಂದರ ಮೇಲೂ ವಿಳಾಸವನ್ನೂ ಕ್ರಮವನ್ನು ಸೂಚಿಸುವ ಸಂಖ್ಯೆಯನ್ನೂ ಬರೆದು ಕಳುಹಿಸಲಾಗುತ್ತದೆ. ಈ ತುಣುಕಿಗೆ ಪ್ಯಾಕೆಟ್ ಎಂದು ಹೆಸರು; ನಾವು ಪೊಟ್ಟಣವೆನ್ನೋಣ. ಸಾಮಾನ್ಯವಾಗಿ ಒಂದು ಪೊಟ್ಟಣದಲ್ಲಿ ಹೆಚ್ಚೆಂದರೆ 1500 ಬೈಟುಗಳು, ಎಂದರೆ 12,000 ಬಿಟ್ಟುಗಳು ಇರುತ್ತವೆ. ದಾರಿಗಳು ಕೂಡುವ ಕಡೆಗಳಲ್ಲಿ ರೌಟರುಗಳೆಂಬ ಯಂತ್ರಗಳು ವಿಳಾಸವನ್ನೋದಿ ಪೊಟ್ಟಣವನ್ನು ಮುಂದಿನ ತಂತಿಗೆ ದಾಟಿಸುತ್ತವೆ.

ತಂತಿಯ ಸಾಮರ್ಥ್ಯ ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳೆಂದು ಇಟ್ಟುಕೊಂಡರೆ, ಒಂದು ಪೊಟ್ಟಣವನ್ನು ಅದರೊಳಕ್ಕೆ ಬಿಡಲು 1.2 ಮಿಲಿಸೆಕೆಂಡು ಬೇಕು. ಅಷ್ಟರೊಳಗೆ ಬಂದ ಬೇರೆ ಪೊಟ್ಟಣಗಳು ಸಾಲುಗಟ್ಟಿ ನಿಲ್ಲಬೇಕು. ನಿಲ್ಲುವ ಜಾಗಕ್ಕೂ ಮಿತಿಯುಂಟು. ಅದು ತುಂಬಿದ ಮೇಲೆ ಬಂದ ಪೊಟ್ಟಣವನ್ನು ರೌಟರು ಎಸೆದುಬಿಡುತ್ತದೆ. ಎಸೆದೆನೆಂಬ ಸುದ್ದಿಯನ್ನೂ ಸಾಮಾನ್ಯವಾಗಿ ಕಳುಹಿಸುವುದಿಲ್ಲ.

ಹಾಗಾದರೆ ಪೊಟ್ಟಣ ಕಳೆದದ್ದು ತಿಳಿಯುವುದು ಹೇಗೆ? ಇದಕ್ಕೆ ಟಿ.ಸಿ.ಪಿ. ಎಂಬ ನಿಯಮಾವಳಿಯುಂಟು. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬುವರು 1974ರಲ್ಲಿ ಇದರ ಮೂಲರೂಪವನ್ನು ಪ್ರಕಟಿಸಿದರು. ನೋಂದಾಯಿತ ಅಂಚೆಯಲ್ಲಿ ಮುಟ್ಟಿದ್ದಕ್ಕೆ ಸ್ವೀಕೃತಿಪತ್ರ ಹಿಂದಿರುಗುವಂತೆ, ಇಲ್ಲಿಯೂ ಪೊಟ್ಟಣ ತಲುಪಿತೆಂಬ ಸ್ವೀಕೃತಿ ಕಳುಹಿಸಿದವನಿಗೆ ಬರುತ್ತದೆ. ನಿಯತಕಾಲದೊಳಗೆ ಬಾರದಿದ್ದರೆ ಪೊಟ್ಟಣ ಕಳೆಯಿತೆಂದು ತಿಳಿದು ಅದನ್ನೇ ಮರಳಿ ಕಳುಹಿಸಲಾಗುತ್ತದೆ. ಏರ್ಪಾಡು ನಿರ್ದುಷ್ಟವಾಗಿಯೇ ಕಾಣುತ್ತದೆ. ಆದರೂ ಇದರಲ್ಲೊಂದು ಅಪಾಯ ಅಡಗಿತ್ತು.

ಬರ್ಕ್‌ಲಿಯ ಪಾಠ

1986ರ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಶಾಲೆಗೂ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರಕ್ಕೂ ನಡುವಣ ಸಂಪರ್ಕ ಇದ್ದಕ್ಕಿದ್ದಂತೆ ಕುಸಿಯಿತು. ಎರಡಕ್ಕೂ ಇದ್ದ ದೂರ ಕೇವಲ 400 ಗಜ. ಸೆಕೆಂಡಿಗೆ 32,000 ಬಿಟ್ಟುಗಳಷ್ಟಿದ್ದ ವೇಗ 40 ಬಿಟ್ಟುಗಳಿಗೆ ಇಳಿಯಿತು. ಎರಡು ಸಾವಿರ ಅಕ್ಷರಗಳ ಒಂದು ಪುಟವನ್ನು, ಅಕ್ಷರಕ್ಕೆ ಎಂಟು ಬಿಟ್ಟಿನಂತೆ, ಮೊದಲು ಅರ್ಧ ಸೆಕೆಂಡಿನಲ್ಲಿ ಕಳುಹಿಸಬಹುದಾಗಿತ್ತು. ಈಗ ಅದಕ್ಕೆ 400 ಸೆಕೆಂಡು ಬೇಕಾಯಿತು. ಅಷ್ಟು ಹೊತ್ತಿನಲ್ಲಿ ಕಾಗದವನ್ನು ಕೈಯಲ್ಲಿ ಹಿಡಿದು ನಡೆದೇ ಹೋಗಿ ಮುಟ್ಟಿಸಬಹುದಲ್ಲವೇ!

ತಂತಿ ತುಂಡಾಗಿರಲಿಲ್ಲ. ಅದು ಬಿಡುವಿಲ್ಲದೆ ದುಡಿಯುತ್ತಲೇ ಇತ್ತು. ಆದರೆ ಅದು ಹೊತ್ತದ್ದರಲ್ಲಿ ಬಹುಪಾಲು ವ್ಯರ್ಥವಾದ ಹೊರೆ. ಸಾಲು ಬೆಳೆದಂತೆ ಸ್ವೀಕೃತಿ ತಡವಾಗುತ್ತದೆ. ತಡವಾದದ್ದನ್ನು ಕಳುಹಿಸುವವನು ಕಳೆದುಹೋಯಿತೆಂದು ಭ್ರಮಿಸಿ, ಇನ್ನೂ ಸಾಲಿನಲ್ಲೇ ನಿಂತಿರುವ ಪೊಟ್ಟಣದ ಮತ್ತೊಂದು ಪ್ರತಿಯನ್ನು ಕಳುಹಿಸುತ್ತಾನೆ. ಇದರಿಂದ ಸಾಲು ಮತ್ತಷ್ಟು ಬೆಳೆಯುತ್ತದೆ. ಸ್ವೀಕೃತಿ ಮತ್ತಷ್ಟು ತಡವಾಗುತ್ತದೆ. ಇನ್ನಷ್ಟು ಪ್ರತಿಗಳು ಹೊರಡುತ್ತವೆ. ಹೀಗೆ ತಪ್ಪೇ ತಪ್ಪನ್ನು ಬೆಳೆಸುತ್ತದೆ. ಇಂಥ ಕುಸಿತ ಸಂಭವಿಸಬಹುದೆಂದು ಜಾನ್ ನೇಗಲ್ ಎಂಬುವರು 1984ರಲ್ಲಿಯೇ ಎಚ್ಚರಿಸಿದ್ದರು.

ಪೊಟ್ಟಣಗಳ ಸಂರಕ್ಷಣೆ

ಪ್ರಯೋಗಶಾಲೆಯ ವ್ಯಾನ್ ಜೇಕಬ್ಸನ್ ಮತ್ತು ವಿಶ್ವವಿದ್ಯಾಲಯದ ಮೈಕೆಲ್ ಕ್ಯಾರೆಲ್ಸ್ ಇದನ್ನು ಪರಿಶೀಲಿಸಿ 1988ರಲ್ಲಿ ತಮ್ಮ ಪರಿಹಾರವನ್ನು ಪ್ರಕಟಿಸಿದರು. ಭೌತಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಅದರ ತತ್ತ್ವ ಅಪರಿಚಿತವಲ್ಲ. ಶಕ್ತಿಯ ಸಂರಕ್ಷಣೆಯ ನಿಯಮವಿರುವಂತೆ ಪೊಟ್ಟಣಗಳಿಗೂ ಒಂದು ಸಂರಕ್ಷಣೆಯ ನಿಯಮವಿರಲಿ ಎಂದು ಅವರು ಹೇಳಿದರು. ಜಾಲ ಸಮತೋಲದಲ್ಲಿರುವಾಗ ಹಳೆಯದೊಂದು ಪೊಟ್ಟಣ ಹೊರಬಿದ್ದ ಹೊರತು ಹೊಸದೊಂದು ಒಳಹೋಗಕೂಡದು. ಹೊರಬಿದ್ದ ಸುದ್ದಿಯನ್ನು ಸ್ವೀಕೃತಿಯೇ ತರುತ್ತದೆಯಾದ್ದರಿಂದ ಬೇರೆ ಕಾವಲುಗಾರನ ಅಗತ್ಯವಿಲ್ಲ.

ಆದರೆ ಆ ಸಮತೋಲವನ್ನು ಮುಟ್ಟುವುದು ಹೇಗೆ? ಮೊದಲು ಒಂದೇ ಪೊಟ್ಟಣವನ್ನು ಕಳುಹಿಸಬೇಕು. ಸ್ವೀಕೃತಿ ಬಂದರೆ ಎರಡು, ಅವೆರಡೂ ಮುಟ್ಟಿದರೆ ನಾಲ್ಕು, ಅನಂತರ ಎಂಟು. ಹತ್ತು ಸುತ್ತುಗಳಲ್ಲಿ ಇದು 1024ಕ್ಕೆ ಏರುತ್ತದೆ. ಪೊಟ್ಟಣವೊಂದು ಕಳೆದರೆ ದಾರಿ ತುಂಬಿದೆಯೆಂದು ತಿಳಿದು ಹೊರೆಯನ್ನು ಅರ್ಧಕ್ಕೆ ಇಳಿಸಬೇಕು. ಅಲ್ಲಿಂದಾಚೆಗೆ ದ್ವಿಗುಣಿಸದೆ, ಸುತ್ತಿಗೆ ಒಂದೊಂದೇ ಪೊಟ್ಟಣವನ್ನು ಹೆಚ್ಚಿಸುತ್ತ ಹೋಗಬೇಕು.

ಏರುವಾಗ ಮೆಲ್ಲಗೆ, ಇಳಿಯುವಾಗ ಅರ್ಧಕ್ಕೆ: ಇದೇಕೆ ಹೀಗೆ? ಇದರ ಸೊಗಸನ್ನು ಡಾ-ಮಿಂಗ್ ಚಿಯು ಮತ್ತು ರಾಜ್ ಜೈನ್ 1989ರಲ್ಲಿ ಗಣಿತದಿಂದ ತೋರಿಸಿಕೊಟ್ಟರು. 100 ಪೊಟ್ಟಣ ಹಿಡಿಸುವ ಒಂದು ದಾರಿಯನ್ನು ಇಬ್ಬರು ಬಳಸುತ್ತಿರುವರೆಂದು ಭಾವಿಸೋಣ. ಒಬ್ಬನ ಪಾಲು 80, ಇನ್ನೊಬ್ಬನದು 20. ದಾರಿ ತುಂಬಿ ಇಬ್ಬರೂ ಅರ್ಧಕ್ಕಿಳಿದರೆ 40 ಮತ್ತು 10 ಆಗುತ್ತದೆ. ಉಳಿದ 50ನ್ನು ಇಬ್ಬರೂ ಸಮನಾಗಿ ಏರಿ ತುಂಬಿದರೆ 65 ಮತ್ತು 35. ಇನ್ನೊಮ್ಮೆ ಹೀಗೆಯೇ ನಡೆದರೆ 57.5 ಮತ್ತು 42.5. ಅರ್ಧಿಸುವಾಗ ಅಂತರವೂ ಅರ್ಧವಾಗುತ್ತದೆ. ಸಮನಾಗಿ ಏರುವಾಗ ಅದು ಬದಲಾಗುವುದಿಲ್ಲ. 60 ಇದ್ದ ಅಂತರ 30 ಆಯಿತು, ಅನಂತರ 15 ಆಯಿತು. ಒಬ್ಬರನ್ನೊಬ್ಬರು ಕಾಣದ, ಮಾತನಾಡದ ಇಬ್ಬರು ಹೀಗೆ ಸಮಪಾಲಿನ ಕಡೆಗೆ ತಾವಾಗಿಯೇ ಸಾಗುತ್ತಾರೆ.

ಪಾಲಕನ ಹೊಣೆ

ಈ ಸಂಯಮವಿರುವುದು ದಾರಿಯಲ್ಲಲ್ಲ, ಕಳುಹಿಸುವ ಯಂತ್ರದಲ್ಲಿ ಎಂಬುದನ್ನು ಗಮನಿಸಬೇಕು. ಇಂದು ಜಗತ್ತಿನ ಸರ್ವರುಗಳಲ್ಲಿ ಬಹುಸಂಖ್ಯೆಯವು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಿಂದ ನಡೆಯುತ್ತವೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಇದನ್ನು ಆರಂಭಿಸಿದರು. ಇದರ ತಿರುಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. 2006ರಿಂದ ಇದರಲ್ಲಿ ಮೊದಲ ಆಯ್ಕೆಯಾಗಿರುವ ಕ್ಯೂಬಿಕ್ ಎಂಬ ಕ್ರಮ, ಪೊಟ್ಟಣ ಕಳೆದಾಗ ಅರ್ಧಕ್ಕೆ ಬದಲು ಹತ್ತರಲ್ಲಿ ಏಳು ಭಾಗಕ್ಕೆ ಇಳಿದು, ಅನಂತರ ಘನಸಮೀಕರಣದ ವಕ್ರರೇಖೆಯನ್ನನುಸರಿಸಿ ಏರುತ್ತದೆ. 2016ರಲ್ಲಿ ಗೂಗಲ್ ಸಂಸ್ಥೆಯವರು ಬಿ.ಬಿ.ಆರ್. ಎಂಬ ಇನ್ನೊಂದನ್ನು ಹೊರತಂದರು. ಅದು ಪೊಟ್ಟಣ ಕಳೆಯುವವರೆಗೆ ಕಾಯದೆ ದಾರಿಯ ಸಾಮರ್ಥ್ಯವನ್ನೂ ಹೋಗಿಬರುವ ಕಾಲವನ್ನೂ ಅಳೆದು ವೇಗವನ್ನು ನಿರ್ಧರಿಸುತ್ತದೆ. ಅದರ ಮೊದಲ ರೂಪ ಕೆಲವು ಸನ್ನಿವೇಶಗಳಲ್ಲಿ ಪಕ್ಕದ ಕ್ಯೂಬಿಕ್‌ನ ಪಾಲನ್ನೂ ಕಬಳಿಸುತ್ತಿದ್ದುದು ಪ್ರಯೋಗಗಳಿಂದ ಕಂಡುಬಂದಿತು.

ಸರ್ವರಿನ ಪಾಲಕನು ಒಂದೇ ಸಾಲಿನ ಆಜ್ಞೆಯಿಂದ ಈ ಕ್ರಮವನ್ನು ಬದಲಿಸಬಲ್ಲ. ತನ್ನ ಸರ್ವರು ಚುರುಕಾಗಿ ಓಡಲೆಂಬ ಆಸೆ ಸಹಜವೇ. ಆದರೆ ತನ್ನ ವೇಗ ಇನ್ನೊಬ್ಬರ ಪಾಲಿನಿಂದ ಬಂದದ್ದೇ ಎಂಬುದನ್ನು ಅವನು ಅಳೆದು ನೋಡಬೇಕು.

ಸಾಲು ನಿಲ್ಲುವ ಜಾಗವನ್ನು ಹಿಗ್ಗಿಸಿದರೆ ತೊಂದರೆ ನೀಗುವುದೆಂದು ಕೆಲವರು ಕೇಳಬಹುದು. ನೆನಪುಕೋಶ ಅಗ್ಗವಾದಂತೆ ಹಾಗೆ ಮಾಡಿದ್ದೂ ಉಂಟು. ಪರಿಣಾಮವನ್ನು ಲೆಕ್ಕಹಾಕೋಣ. ಸೆಕೆಂಡಿಗೆ 10 ಲಕ್ಷ ಬಿಟ್ಟುಗಳ ದಾರಿಯ ಮುಂದೆ 2,50,000 ಬೈಟುಗಳ, ಎಂದರೆ 20 ಲಕ್ಷ ಬಿಟ್ಟುಗಳ ಸಾಲು ನಿಂತರೆ, ಕೊನೆಯ ಪೊಟ್ಟಣ ಎರಡು ಸೆಕೆಂಡು ಕಾಯಬೇಕು. ದೂರವಾಣಿಯ ಸಂಭಾಷಣೆಗೆ ಅದು ಅಸಹನೀಯ. ಪೊಟ್ಟಣ ಕಳೆಯದಿರುವುದರಿಂದ ಕಳುಹಿಸುವವನಿಗೆ ಎಚ್ಚರಿಕೆಯೂ ಸಿಗುವುದಿಲ್ಲ. 2012ರಲ್ಲಿ ಕ್ಯಾಥ್ಲೀನ್ ನಿಕಲ್ಸ್ ಮತ್ತು ಅದೇ ಜೇಕಬ್ಸನ್ ಇದಕ್ಕೆ ಕೋಡಲ್ ಎಂಬ ಮದ್ದನ್ನು ಸೂಚಿಸಿದರು. ಇದು ಸಾಲಿನ ಉದ್ದವನ್ನಲ್ಲ, ಪೊಟ್ಟಣ ಕಾದ ಕಾಲವನ್ನು ಅಳೆಯುತ್ತದೆ. ಆ ಕಾಲ 100 ಮಿಲಿಸೆಕೆಂಡುಗಳುದ್ದಕ್ಕೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ, ಜಾಗವಿದ್ದರೂ ಒಂದು ಪೊಟ್ಟಣವನ್ನು ಬೇಕೆಂದೇ ಎಸೆಯುತ್ತದೆ. ಎಸೆತವೇ ಇಲ್ಲಿ ಎಚ್ಚರಿಕೆ. ಅದೇ ವರ್ಷ ಈ ಕ್ರಮ ಲಿನಕ್ಸಿನಲ್ಲಿಯೂ ಸೇರಿತು.

ಈಗ ಫಲಿತಾಂಶದ ದಿನಕ್ಕೆ ಮರಳೋಣ. ಟಿ.ಸಿ.ಪಿ. ತನ್ನ ಸಂಯಮವನ್ನು ಪಾಲಿಸುತ್ತದೆ. ಮರಳಿ ಕಳುಹಿಸಿದ ಪೊಟ್ಟಣಕ್ಕೂ ಉತ್ತರ ಬಾರದಿದ್ದರೆ ಕಾಯುವ ಅವಧಿಯನ್ನು ಪ್ರತಿಸಲವೂ ಇಮ್ಮಡಿಗೊಳಿಸುತ್ತದೆ. ಆದರೆ ಗುಂಡಿಯೊತ್ತುವ ನಮಗೆ ಅಂಥ ನಿಯಮವಿಲ್ಲ. ನಾವು ಕೈಬಿಟ್ಟ ಮೊದಲ ಕೋರಿಕೆಯ ಕೆಲಸವನ್ನು ಸರ್ವರು ಇನ್ನೂ ಮಾಡುತ್ತಿರುವಾಗಲೇ ಎರಡನೆಯದು, ಮೂರನೆಯದು ಅದರ ಮೇಲೆ ಬೀಳುತ್ತವೆ. ಬರ್ಕ್‌ಲಿಯ ತಂತಿಯ ಪಾಡೇ ಸರ್ವರಿಗೂ ಒದಗುತ್ತದೆ. ಮುಂದಿನ ಸಲ ಪುಟ ತೆರೆಯದಿದ್ದರೆ ಒಂದು ನಿಮಿಷ ಕಾಯಿರಿ. ಆಗಲೂ ತೆರೆಯದಿದ್ದರೆ ಎರಡು ನಿಮಿಷ, ಅನಂತರ ನಾಲ್ಕು. ಎಲ್ಲರೂ ಹೀಗೆ ಮಾಡಿದರೆ ಎಲ್ಲರ ಅಂಕಗಳೂ ಬೇಗ ತಿಳಿಯುತ್ತವೆ.