ಖೋಟಾ ರುಜುವಿನ ಗಣಿತ

ಕಾಗದದ ಮೇಲಿನ ರುಜುವಿನ ಸಾಚಾತನವನ್ನು ಅಕ್ಷರಗಳ ಓರೆಕೋರೆಗಳಿಂದ ನಿರ್ಣಯಿಸುವವರುಂಟು. ಗಣಕಯಂತ್ರದ ರುಜುವಿಗಾದರೋ ಸಮೀಕರಣವೊಂದೇ ಸಾಕ್ಷಿ. ರುಜು ಹಾಕುವವನ ಬಳಿ ಗುಟ್ಟಿನ ಕೀಲಿ, ಪರೀಕ್ಷಿಸುವ ಲೋಕಕ್ಕೆಲ್ಲ ಬಹಿರಂಗ ಕೀಲಿ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ರೂಪಿಸಿದ ವಿಧಾನವು ಪ್ರಸಿದ್ಧವಾದುದೇ ಆದರೂ, ಭಾರಿ ಸಂಖ್ಯೆಗಳನ್ನು ಭಾರಿ ಘಾತಗಳಿಗೆ ಏರಿಸಬೇಕಾದ ಅದರ ಲೆಕ್ಕವು ಅಂದಿನ ಯಂತ್ರಗಳಿಗೆ ಬಲು ಹೊರೆಯಾಗಿದ್ದಿತು. 1984ರಲ್ಲಿ ಓಂಗ್, ಶ್ನೋರ್ ಎಂಬುವರೊಡಗೂಡಿ ಅದೇ ಶಮೀರರು ಮುಂದಿಟ್ಟ ಹೊಸ ವಿಧಾನಕ್ಕೆ ಕೆಲವೇ ಗುಣಾಕಾರ ಭಾಗಾಕಾರಗಳು ಸಾಕಾಗಿದ್ದುವು.

ಅದನ್ನು ಪುಟ್ಟ ಅಂಕಿಗಳಲ್ಲಿ ಮಾಡಿ ನೋಡಬಹುದು. ಲೆಕ್ಕವೆಲ್ಲ 77ರಿಂದ ಭಾಗಿಸಿ ಉಳಿದ ಶೇಷದಲ್ಲಿ ನಡೆಯತಕ್ಕದ್ದು. ಗುಟ್ಟಿನ ಕೀಲಿ 2. ಬಹಿರಂಗ ಕೀಲಿ 19, ಏಕೆಂದರೆ ಗುಟ್ಟಿನ ವರ್ಗವಾದ 4ರಿಂದ ಅದನ್ನು ಗುಣಿಸಿದರೆ 77ಕ್ಕೆ ಒಂದು ಕಡಮೆಯಾದ 76 ದೊರೆಯುತ್ತದೆ. ಸಂದೇಶ 15 ಎನ್ನಿ. ಅದನ್ನು 3 ಮತ್ತು 5 ಎಂದು ಒಡೆದು, ಅವುಗಳ ಮೊತ್ತದ ಅರ್ಧವಾದ 4ನ್ನೂ, ಅಂತರದ ಅರ್ಧವಾದ 1ನ್ನು ಗುಟ್ಟಿನಿಂದ ಗುಣಿಸಿ ಬಂದ 2ನ್ನೂ ಬರೆದುಕೊಟ್ಟರೆ ರುಜುವಾಯಿತು. ಪರೀಕ್ಷಕನು ಮೊದಲನೆಯದರ ವರ್ಗಕ್ಕೆ ಎರಡನೆಯದರ ವರ್ಗದ 19 ಮಡಿಯನ್ನು ಕೂಡಿಸುತ್ತಾನೆ: 16ಕ್ಕೆ 76 ಸೇರಿ 92, ಅದರಲ್ಲಿ 77 ಕಳೆದರೆ 15. ನಿಜವಾದ ಯೋಜನೆಯಲ್ಲಿ 77ರ ಸ್ಥಾನದಲ್ಲಿ ನೂರಾರು ಅಂಕಿಗಳ ಸಂಖ್ಯೆ. ಬಹಿರಂಗ ಕೀಲಿಯಿಂದ ಗುಟ್ಟಿನದಕ್ಕೆ ಮರಳುವುದೆಂದರೆ ಆ ಮಹಾಸಂಖ್ಯೆಯ ಅಪವರ್ತನಗಳನ್ನು ಕಂಡುಹಿಡಿದಷ್ಟೇ ಕಷ್ಟ. ರಚನಕಾರರ ಧೈರ್ಯಕ್ಕೆ ಇದೇ ಆಧಾರ.

ಇಂಗ್ಲೆಂಡಿನ ಗಣಿತಜ್ಞ ಜಾನ್ ಪೊಲಾರ್ಡರಾದರೋ ಅಪವರ್ತನದ ಗೊಡವೆಗೇ ಹೋಗಲಿಲ್ಲ. ಗುಟ್ಟು ತಿಳಿದಿರಲಿ ಬಿಡಲಿ, ಸಮೀಕರಣಕ್ಕೆ ಹೊಂದುವ ಎರಡು ಸಂಖ್ಯೆಗಳು ಕೈಗೆ ಸಿಕ್ಕಿದರೆ ಪರೀಕ್ಷಕನ ಕಣ್ಣಿಗೆ ಅದು ಸಾಚಾ ರುಜುವೇ ಅಲ್ಲವೆ! ಒಂದು ವರ್ಗಕ್ಕೆ ಇನ್ನೊಂದರ ಮೂರು ಮಡಿಯನ್ನು ಕೂಡಿಸಿದರೆ ಬರುವ ಸಂಖ್ಯೆಗಳಲ್ಲಿ 4 ಒಂದು (1 ಮತ್ತು 3), 7 ಇನ್ನೊಂದು (4 ಮತ್ತು 3); ಅವುಗಳ ಗುಣಲಬ್ಧ 28 ಕೂಡ ಅದೇ ಜಾತಿಯದು, 1 ಮತ್ತು 27. ಈ ನಿಯಮವನ್ನು 628ರಲ್ಲಿಯೇ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತನು ಹೇಳಿದ್ದನು. ನಮ್ಮ ಗಣಿತ ಪರಂಪರೆಯಲ್ಲಿ ಅದಕ್ಕೆ ಭಾವನಾ ಎಂದು ಹೆಸರು. ಅದರ ಬಲದಿಂದ ಪೊಲಾರ್ಡರು ಸಂದೇಶವನ್ನೂ 19ರಂಥ ಗುಣಕವನ್ನೂ ಅದಲುಬದಲು ಮಾಡುತ್ತ, ಸುತ್ತುಸುತ್ತಿಗೂ ಗುಣಕದ ಅಂಕಿಗಳನ್ನು ಸುಮಾರು ಅರ್ಧಕ್ಕಿಳಿಸಿ, ಕಡೆಗೆ ಸುಲಭವಾಗಿ ಬಿಡಿಸಬಲ್ಲ ಸಮೀಕರಣಕ್ಕೆ ಬಂದು, ಅಲ್ಲಿಂದ ಮೆಟ್ಟಿಲುಮೆಟ್ಟಿಲಾಗಿ ಹಿಂದಿರುಗಿದರು. ಸಾವಿರಾರು ಅಂಕಿಗಳಿದ್ದರೂ ಸುತ್ತುಗಳು ಹತ್ತು ಹದಿನೈದನ್ನು ಮೀರವು.

ಗುಟ್ಟನ್ನು ಕದಿಯುವುದು ಕಷ್ಟವೆಂದು ತೋರಿಸಿದವರು, ಗುಟ್ಟಿಲ್ಲದೆಯೇ ರುಜುವನ್ನು ಸೃಷ್ಟಿಸುವುದೂ ಕಷ್ಟವೆಂದು ತೋರಿಸಿರಲಿಲ್ಲ. 1979ರ ರೇಬಿನ್ನರ ರುಜುವಿಧಾನಕ್ಕೆ ಅಂಥ ಪ್ರಮಾಣವಿದ್ದಿತೆಂಬುದನ್ನು ನೆನೆದರೆ ಈ ಲೋಪ ಸಣ್ಣದೆನ್ನಲಾಗದು. 1982ರಲ್ಲಿ ಮರ್ಕಲ್ ಮತ್ತು ಹೆಲ್ಮನ್ನರ ಗೂಢಲಿಪಿಯನ್ನು ಭೇದಿಸಿದ ಶಮೀರರೇ ಇದಕ್ಕೆ ಸಿಕ್ಕಿಬಿದ್ದದ್ದು ಸೋಜಿಗ. ಬಳಿಕ ಅದೇ ವಿಧಾನವನ್ನು ಇನ್ನೂ ಜಟಿಲವಾದ ಸಂಖ್ಯಾಕ್ಷೇತ್ರಗಳಿಗೆ ಸಾಗಿಸಿ ನೋಡಿದರು. 1985ರಲ್ಲಿ ಅದನ್ನೂ ಮುರಿದ ಐವರಲ್ಲಿ ಒಬ್ಬರು ಶಮೀರರ ಹಳೆಯ ಸಹಚರರಾದ ಏಡಲ್ಮನ್.